ಬಟ್ಟಲಲ್ಲಿ ಕಡಿಮೆ ಬಂದ ಒಂದು ಅಳತೆ

"ಗುರುಗಳೇ, ಒಂದೇ ಒಂದು ಅನುಮಾನಕ್ಕಾಗಿ ಮಾಡಿ ಮುಗಿಸಿದ ಕೆಲಸವನ್ನೆಲ್ಲ ಕೆಡವಬೇಕೆ?"

ಕೇಳಿದವನು ಮರುಳಯ್ಯ. ಮಠದ ಔಷಧಿಯ ಕೋಣೆ ಹನ್ನೊಂದು ವರ್ಷದಿಂದ ಅವನ ಕೈಯಲ್ಲಿತ್ತು. ಬೇರು ಒಣಗಿಸುವುದು, ಕುಟ್ಟುವುದು, ಜರಡಿ ಹಿಡಿಯುವುದು, ಅಳೆದು ಪೊಟ್ಟಣ ಕಟ್ಟುವುದು ಎಲ್ಲ ಅವನದೇ. ಆ ದಿನ ಮಧ್ಯಾಹ್ನದ ಪಂಕ್ತಿ ಮುಗಿದು ಉಳಿದವರು ಎದ್ದು ಹೋದರೂ ಅವನು ಜಗಲಿಯ ಕಂಬದ ಬಳಿ ಕುಳಿತೇ ಇದ್ದ. ಬೆರಳ ತುದಿಗೆ ಹಳದಿ ಪುಡಿ ಇನ್ನೂ ಅಂಟಿತ್ತು.

"ಯಾರ ಕೆಲಸ?" ಎಂದರು ಗುರುಗಳು.

"ಯಾರದ್ದಾದರೂ ಆಗಲಿ. ಸುಮ್ಮನೆ ಕೇಳಿದೆ."

"ಸುಮ್ಮನೆ ಕೇಳಿದವನಿಗೆ ಸುಮ್ಮನೆ ಒಂದು ಕತೆ ಹೇಳಬಹುದು. ಕಂಬಕ್ಕೆ ಒರಗಿಕೋ."

ಮರುಳಯ್ಯ ಒರಗಲಿಲ್ಲ. ಗುರುಗಳು ಹೇಳತೊಡಗಿದರು.

ಒಂದು ಸೀಮೆಯಲ್ಲಿ ಒಬ್ಬ ತೋಟಾ ಕಟ್ಟುವವನಿದ್ದ. ಬಂದೂಕಿಗೆ ಹಾಕುವ ತೋಟಾ. ಹಾರಿಸಿದ ಮೇಲೆ ಉಳಿಯುವ ಹಿತ್ತಾಳೆಯ ಖಾಲಿ ಚಿಪ್ಪುಗಳನ್ನು ಜನ ತಂದುಕೊಡುತ್ತಿದ್ದರು. ಅವನು ಅವನ್ನು ತೊಳೆದು, ಸೊಟ್ಟ ತಿದ್ದಿ, ತಳಕ್ಕೆ, ಪೆಟ್ಟು ಬಿದ್ದರೆ ಕಿಡಿ ಹಾರಿಸುವ ಹೊಸ ಬಿಲ್ಲೆ ಕೂರಿಸಿ, ಒಳಗೆ ಮದ್ದು ಅಳೆದು ಹಾಕಿ, ಬಾಯಿಗೆ ಗುಂಡು ಒತ್ತಿ ಕೊಡುತ್ತಿದ್ದ.

ಅವನ ಬಳಿಗೆ ಬರುತ್ತಿದ್ದವರು ದೊಡ್ಡ ಬೇಟೆಯವರಲ್ಲ. ಬೆಳೆ ಕಾಯುವವರು, ಕೋಳಿ ಕಾಯುವವರು, ಕೆರೆ ಕಾಯುವವರು. ಅವರ ಬಂದೂಕಿನ ನಳಿಗೆ ಕಿರುಬೆರಳೂ ಹೋಗದಷ್ಟು ಸಣ್ಣದು. ಅವರು ಹೊಡೆಯುವ ಪ್ರಾಣಿಯೂ ಸಣ್ಣದು. ಅಂಥ ತೋಟಾ ಕಟ್ಟುವುದು ಸುಲಭವೆಂದು ಜನ ಅಂದುಕೊಂಡಿದ್ದರು. ಅವನು ಹಾಗೆ ಅಂದುಕೊಂಡಿರಲಿಲ್ಲ.

ತೋಟಾ ಬೇಕೆಂದು ಬಂದವರನ್ನು, ಪ್ರಾಣಿ ಎಷ್ಟು ದೊಡ್ಡದು ಎಂದು ಅವನು ಕೇಳುತ್ತಿರಲಿಲ್ಲ. ಪ್ರಾಣಿಯ ಹಿಂದೆ ಏನಿದೆ ಎಂದು ಕೇಳುತ್ತಿದ್ದ.

ಒಂದು ದಿನ ಒಬ್ಬ ನೀರಗಂಟಿ ಬಂದ. ಊರ ಕೆರೆಯ ತೂಬನ್ನೂ ಏರಿಯನ್ನೂ ನೋಡಿಕೊಳ್ಳುವವನು. ಏರಿಯೊಳಗೆ ಹೆಗ್ಗಣಗಳು ಬಿಲ ತೋಡಿದ್ದವು. ಮೇಲಿನ ಸೀಮೆಯಲ್ಲಿ ಮೋಡ ಕಟ್ಟಿತ್ತು. ಮೂರು ದಿನದೊಳಗೆ ಕೆರೆಗೆ ಹೊಸ ನೀರು ಬರುವುದಿತ್ತು. ಆ ನೀರು ಬಿಲ ಹೊಕ್ಕರೆ ಏರಿ ನಿಲ್ಲುವುದಿಲ್ಲ. ಏರಿಯ ಕೆಳಗೆ ಅರುವತ್ತು ಮನೆಗಳಿದ್ದವು. ಬರೀ ಬಿಲ ಮುಚ್ಚಿದರೆ ಹೆಗ್ಗಣ ಮರುದಿನ ಪಕ್ಕದಲ್ಲೇ ಇನ್ನೊಂದು ತೋಡುತ್ತದೆ. ಆದ್ದರಿಂದ ಒಂದು ಬಾಯಿಗೆ ಹೊಗೆ ಹಾಕಿ, ಇನ್ನೊಂದು ಬಾಯಿಂದ ಹೊರಬಂದದ್ದನ್ನು ಹೊಡೆದು, ಆಮೇಲೆ ಮಣ್ಣು ಮೆತ್ತಬೇಕು.

ನೀರಗಂಟಿ ಗುಂಡುಗಳ ತಟ್ಟೆಗೆ ಕೈ ಹಾಕಿ, ಗಟ್ಟಿ ತಾಮ್ರದ ಹೊದಿಕೆಯ ಉದ್ದನೆಯ ಗುಂಡೊಂದನ್ನು ಎತ್ತಿಕೊಂಡ.

"ಇದು ಕೊಡು. ನೋಡಿದರೇನೇ ಹೆಗ್ಗಣ ಸಾಯಬೇಕು, ಹಾಗಿದೆ."

"ಹೆಗ್ಗಣದ ಹಿಂದೆ ಏನಿದೆ?"

"ಹೆಗ್ಗಣದ ಹಿಂದೆ ಇನ್ನೇನಿರುತ್ತೆ ಮಾರಾಯ, ಬಾಲ."

"ಬಾಲದ ಹಿಂದೆ?"

ನೀರಗಂಟಿ ಸ್ವಲ್ಪ ಯೋಚಿಸಿದ. "ಏರಿಯ ಕಲ್ಲುಕಟ್ಟಡ. ಅದರ ಬಗಲಿಗೆ ಹೆಂಗಸರು ಬಟ್ಟೆ ಒಗೆಯೋ ಮೆಟ್ಟಿಲು."

ತೋಟಾ ಕಟ್ಟುವವನು ಆ ಗುಂಡನ್ನು ಅವನ ಕೈಯಿಂದ ತೆಗೆದು ತಟ್ಟೆಗೆ ಹಾಕಿದ.

"ಇದು ಹೆಗ್ಗಣದಲ್ಲಿ ನಿಲ್ಲಲ್ಲ. ಅದನ್ನು ದಾಟಿ ಕಲ್ಲಿಗೆ ಬಡಿಯುತ್ತೆ. ಆಮೇಲೆ ಎಲ್ಲಿಗೆ ಹೋಗುತ್ತೆ ಅಂತ ನನಗೂ ಗೊತ್ತಿಲ್ಲ, ಗುಂಡಿಗೂ ಗೊತ್ತಿಲ್ಲ."

ಅವನು ಬೇರೊಂದು ಡಬ್ಬಿ ತೆರೆದ. ಅದರಲ್ಲಿದ್ದವು ಹಗುರವಾದ ಗಿಡ್ಡ ಗುಂಡುಗಳು. ಹೊದಿಕೆ ತೆಳು, ಮೂತಿ ಮೆದು. ಮುಟ್ಟಿದಲ್ಲೇ ಪುಡಿಯಾಗುವಂಥವು. ಒಂದೊಂದನ್ನೂ ಗಾಜಿನ ಹಲಗೆಯ ಮೇಲೆ ಉರುಳಿಸಿ ನೋಡಿದ. ಓಲಾಡಿದ್ದನ್ನು ತೆಗೆದಿಟ್ಟ. ಉಳಿದವನ್ನು ಚಿನ್ನ ತೂಗುವ ತಕ್ಕಡಿಯಲ್ಲಿ ತೂಗಿದ. ಸಾಸಿವೆ ಕಾಳಿನಷ್ಟು ಹೆಚ್ಚುಕಡಿಮೆ ಬಂದದ್ದನ್ನೂ ತೆಗೆದಿಟ್ಟ. ಐವತ್ತು ಸಿಕ್ಕಿದವು.

"ಮದ್ದನ್ನೂ ಕಡಿಮೆ ಹಾಕುತ್ತೇನೆ. ನಲವತ್ತು ಹೆಜ್ಜೆ ಹೋದರೆ ಸಾಕಲ್ಲ?"

"ಸಾಕು. ಬೇಗ ಕೊಡು. ಮೋಡ ನನ್ನ ಮಾತು ಕೇಳಲ್ಲ."

ಇಲ್ಲಿ ಒಂದು ವಿಷಯ ನಿನಗೆ ತಿಳಿದಿರಬೇಕು, ಮರುಳಯ್ಯ. ತುಂಬು ಮದ್ದಿನ ತೋಟಾದಲ್ಲಿ ಒಂದು ಅಳತೆಗೇ ಚಿಪ್ಪು ಕುತ್ತಿಗೆಯವರೆಗೆ ತುಂಬುತ್ತದೆ. ಮರೆತು ಇನ್ನೊಂದು ಅಳತೆ ಹಾಕಿದರೆ ಹೊರಗೆ ಚೆಲ್ಲುತ್ತದೆ. ಕುರುಡನಿಗೂ ಗೊತ್ತಾಗುತ್ತದೆ. ಕಡಿಮೆ ಮದ್ದಿನದು ಹಾಗಲ್ಲ. ಚಿಪ್ಪಿನ ಅರ್ಧವೂ ತುಂಬಿರುವುದಿಲ್ಲ. ಎರಡನೆಯ ಅಳತೆಗೂ ಅದರಲ್ಲಿ ಜಾಗವಿರುತ್ತದೆ. ಮೇಲೆ ಗುಂಡು ಒತ್ತಿದ ಮೇಲೆ ಅದೂ ಉಳಿದವುಗಳ ಹಾಗೆಯೇ ಕಾಣುತ್ತದೆ. ಅದನ್ನು ಹಾರಿಸಿದರೆ ಬಂದೂಕು ಹಿಂದಕ್ಕೆ ಒಡೆಯುತ್ತದೆ. ಒಡೆದದ್ದು ಹಾರಿಸಿದವನ ಕೆನ್ನೆಗೆ, ಕಣ್ಣಿಗೆ ಬರುತ್ತದೆ.

ಇದು ತೋಟಾ ಕಟ್ಟುವವನಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕಾಗಿಯೇ ಅವನು ಕೆಲವು ಕಟ್ಟುಪಾಡು ಇಟ್ಟುಕೊಂಡಿದ್ದ. ಮದ್ದಿನ ಡಬ್ಬಿ ತೆರೆದಿರುವಷ್ಟು ಹೊತ್ತು ಬಾಗಿಲ ಮೊಳೆಗೆ ಕೆಂಪು ಬಟ್ಟೆ ನೇತು ಹಾಕುತ್ತಿದ್ದ. ಆ ಬಟ್ಟೆ ಇರುವ ತನಕ ಅವನನ್ನು ಯಾರೂ ಮಾತಾಡಿಸುವಂತಿಲ್ಲ, ಅವನೂ ಮಾತಾಡುವಂತಿಲ್ಲ. ಬಾಯಿಂದ ಒಂದು ಮಾತು ಬಂದರೂ ಹಾಕಿದ ಮದ್ದನ್ನೆಲ್ಲ ಸುರಿದು, ಮೊದಲನೆಯ ಚಿಪ್ಪಿನಿಂದ ಮತ್ತೆ ಶುರು. ಇನ್ನೊಂದು, ಎಲ್ಲ ಚಿಪ್ಪುಗಳಿಗೆ ಮದ್ದು ಹಾಕಿ ಮುಗಿಯುವವರೆಗೆ ಒಂದಕ್ಕೂ ಗುಂಡು ಒತ್ತುತ್ತಿರಲಿಲ್ಲ. ಹಲಗೆಯಲ್ಲಿ ಸಾಲಾಗಿ ನಿಲ್ಲಿಸಿ, ಬಿಸಿಲಿಗೆ ಒಯ್ದು, ಒಂದೊಂದರ ಒಳಗೂ ಇಣುಕಿ ನೋಡುತ್ತಿದ್ದ. ಎಲ್ಲದರ ಮಟ್ಟವೂ ಒಂದೇ ಇದ್ದರೆ ಮಾತ್ರ ಗುಂಡು. ಇಷ್ಟು ಸಾಲದೆಂದು, ಎಷ್ಟು ಚಿಪ್ಪೋ ಅಷ್ಟೇ ಚಮಚ ಮದ್ದನ್ನು ಮೊದಲೇ ಅಳೆದು ಒಂದು ಬಟ್ಟಲಿಗೆ ಹಾಕಿಕೊಳ್ಳುತ್ತಿದ್ದ. ಕೊನೆಯ ಚಿಪ್ಪಿಗೆ ಕೊನೆಯ ಚಮಚ. ಬಟ್ಟಲೂ ಕೆಲಸವೂ ಒಟ್ಟಿಗೆ ಮುಗಿಯಬೇಕು.

ಮೂವತ್ತೊಂದು ವರ್ಷ ಹೀಗೆ ನಡೆದಿತ್ತು. ಅವನ ತೋಟಾದಿಂದ ಯಾರ ಕೂದಲೂ ಕೊಂಕಿರಲಿಲ್ಲ.

ಆ ದಿನ ನೀರಗಂಟಿ ಜಗಲಿಯಲ್ಲಿ ಕಾಯುತ್ತ ಕುಳಿತಿದ್ದ. ಕೂತವನು ಐದು ನಿಮಿಷಕ್ಕೊಮ್ಮೆ ಎದ್ದು ಆಕಾಶ ನೋಡುತ್ತಿದ್ದ. ಅವನ ಚಪ್ಪಲಿಯ ಸದ್ದು ಒಳಗೆ ಕೇಳುತ್ತಿತ್ತು. ಹೊರಗೆ ಗಾಳಿ ಎದ್ದಿತ್ತು. ಮದ್ದು ಹಾರದಿರಲೆಂದು ತೋಟಾ ಕಟ್ಟುವವನು ಕಿಟಕಿ ಮುಚ್ಚಿದ. ಬಿಸಿಲಿಗೆ ಒಯ್ದು ನೋಡುವುದು ಇವತ್ತು ಬೇಡ, ಗಾಳಿಯಿದೆ ಎಂದುಕೊಂಡ. ಮದ್ದು ಹಾಕಿದ ಹಾಕಿದ ಹಾಗೆಯೇ ಗುಂಡು ಒತ್ತಿ ಬುಟ್ಟಿಗೆ ಹಾಕತೊಡಗಿದ. ಹಾಗೆ ಮಾಡಿದರೆ ಒಂದು ಗಂಟೆ ಉಳಿಯುತ್ತದೆ. ಮಾತಾಡಬಾರದೆಂಬ ಕಟ್ಟು ಇದ್ದೇ ಇದೆಯಲ್ಲ, ಅದು ಕಾಯುತ್ತದೆ ಎಂದುಕೊಂಡ.

ಮೂವತ್ತು ದಾಟಿರಬೇಕು. ಆಗ ಒಬ್ಬ ವರ್ತಕ ಬಂದ. ದೂರದ ಪೇಟೆಯವನು, ಬಂದೂಕಿನ ಶೋಕಿಯಿದ್ದವನು. ಬಾಗಿಲ ಬಟ್ಟೆಯ ಅರ್ಥ ಅವನಿಗೆ ಗೊತ್ತಿರಲಿಲ್ಲ.

"ಏನು, ಒಳಗೆ ಹೆರಿಗೆಯಾ? ಇಷ್ಟು ಮೌನ!" ಎಂದ.

"ಶ್! ತೋಟಾ ಕಟ್ತಿದಾನೆ," ಎಂದ ನೀರಗಂಟಿ.

"ಅದಕ್ಕೆ ಇಷ್ಟು ಬಿಗುಮಾನವಾ? ನಮ್ಮ ಪೇಟೆಯಲ್ಲೊಬ್ಬ ಇದಾನೆ. ಇವನು ಐವತ್ತು ಕಟ್ಟೋದರೊಳಗೆ ಅವನು ಇನ್ನೂರು ಕಟ್ಟಿ ಬಿಸಾಕ್ತಾನೆ. ಅದೂ ಹಾಡು ಹೇಳಿಕೊಂಡು."

ಒಳಗಿನಿಂದ ಮಾತು ಬಂತು.

"ಅವನ ತೋಟಾ ಹಾರಿಸಿದವರು ಅವನ ಹಾಡಿಗೆ ಚಪ್ಪಾಳೆ ತಟ್ಟುತ್ತಾರಾ, ಕೇಳಿ. ತಟ್ಟೋಕೆ ಬೆರಳು ಉಳಿದಿದ್ದರೆ."

ಜಗಲಿಯಲ್ಲಿ ದೊಡ್ಡ ನಗು ಎದ್ದಿತು. ಒಳಗೆ ಅವನೂ ನಕ್ಕ. ವರ್ತಕ ಇನ್ನೊಂದು ಮಾತು ಹೇಳಿದ. ಅವನೂ ಇನ್ನೊಂದು ಹೇಳಿದ. ಎರಡು ಮೂರು ಮಾತು ಹೀಗೆ ಹೋಗಿ ಬಂದವು. ಬಾಯಿ ಮಾತಾಡುತ್ತಿದ್ದಾಗ ಕೈ ನಿಲ್ಲಲಿಲ್ಲ. ಮೂವತ್ತೊಂದು ವರ್ಷದ ಕೈ. ಅದು ತನ್ನಷ್ಟಕ್ಕೆ ತಾನು ಚಮಚ ತುಂಬುತ್ತಿತ್ತು, ಸುರಿಯುತ್ತಿತ್ತು, ಗುಂಡು ಒತ್ತುತ್ತಿತ್ತು.

ವರ್ತಕ ನಾಳೆ ಬರುತ್ತೇನೆಂದು ಹೋದ. ತೋಟಾ ಕಟ್ಟುವವನು ನಲವತ್ತೊಂಬತ್ತನೆಯದನ್ನು ಮುಗಿಸಿ ಬಟ್ಟಲಿಗೆ ಚಮಚ ಹಾಕಿದ. ಚಮಚ ತಳಕ್ಕೆ ತಾಗಿ ಸದ್ದು ಮಾಡಿತು. ಬಟ್ಟಲು ಬರಿದಾಗಿತ್ತು. ಕೈಯಲ್ಲಿ ಇನ್ನೂ ಒಂದು ಖಾಲಿ ಚಿಪ್ಪಿತ್ತು.

ಮರುಳಯ್ಯ ಇಲ್ಲಿ ಬಾಯಿ ಹಾಕಿದ. "ಒಂದೊಂದು ಸಲ ಚಮಚ ತುಸು ಏರಿರಬಹುದಲ್ಲವೇ, ಗುರುಗಳೇ? ಐವತ್ತರಲ್ಲಿ ಕೂದಲೆಳೆಯಷ್ಟು ಏರುತ್ತ ಹೋದರೆ ಕೊನೆಗೆ ಒಂದು ಚಮಚ ಕಡಿಮೆ ಬರುತ್ತದೆ."

"ಬರಬಹುದು. ಅವನೂ ಹಾಗೆಯೇ ಅಂದುಕೊಂಡ," ಎಂದು ಗುರುಗಳು ಮುಂದುವರಿಸಿದರು.

ಹಾಗೆ ಅಂದುಕೊಂಡು ಡಬ್ಬಿಯಿಂದ ಒಂದು ಚಮಚ ತೆಗೆದು ಕೊನೆಯ ಚಿಪ್ಪಿಗೆ ಹಾಕಿದ. ಗುಂಡು ಒತ್ತಿದ. ಐವತ್ತನ್ನೂ ಒಂದು ಚೀಲಕ್ಕೆ ಸುರಿದು ನೀರಗಂಟಿಯ ಕೈಗೆ ಕೊಟ್ಟ. ನೀರಗಂಟಿ ಚೀಲವನ್ನು ಕಣ್ಣಿಗೊತ್ತಿಕೊಂಡು ಬೇಗ ಬೇಗ ಹೊರಟು ಹೋದ.

ತೋಟಾ ಕಟ್ಟುವವನು ಡಬ್ಬಿ ಮುಚ್ಚಿ, ಕೈ ತೊಳೆದು, ಊಟಕ್ಕೆ ಕುಳಿತ. ಹೆಂಡತಿ ಮುದ್ದೆ ಬಡಿಸಿದಳು. ಅವನು ಒಂದು ತುತ್ತು ಮುರಿದು ಸಾರಿನಲ್ಲಿ ಅದ್ದಿ, ಕೈಯಲ್ಲೇ ಹಿಡಿದುಕೊಂಡು ಕುಳಿತ.

"ಇವತ್ತು ಒಳಗಿಂದ ಮಾತು ಕೇಳಿಸ್ತು," ಎಂದಳು ಅವಳು.

"ಹೂಂ."

"ಬಟ್ಟೆ ಬಾಗಿಲಲ್ಲೇ ಇತ್ತು."

"ಯಾವನೋ ಪೇಟೆಯವನು ಬಂದು ಕೆಣಕಿದ. ಒಂದು ಮಾತು ಆಡಿದೆ. ಅದಕ್ಕೇನೀಗ? ಮೂವತ್ತೊಂದು ವರ್ಷದಲ್ಲಿ ಒಂದು ತಪ್ಪು ತೋರಿಸು."

"ನನಗೆ ಗೊತ್ತು. ತೋಟಾಕ್ಕೆ ಗೊತ್ತಾ?"

ಅವನು ತುತ್ತನ್ನು ತಟ್ಟೆಗೆ ಹಾಕಿದ. ಕೋಣೆಗೆ ಹೋಗಿ ಬರಿದಾದ ಬಟ್ಟಲನ್ನು ಬೆಳಕಿಗೆ ಹಿಡಿದು ನೋಡಿದ. ಅದರಲ್ಲಿ ನೋಡುವುದಕ್ಕೆ ಏನೂ ಇರಲಿಲ್ಲ. ಎರಡರಲ್ಲಿ ಒಂದು ನಡೆದಿತ್ತು. ನಲವತ್ತೊಂಬತ್ತರಲ್ಲೂ ಕೂದಲೆಳೆಯಷ್ಟು ಹೆಚ್ಚಾಗಿತ್ತು, ಇಲ್ಲವೇ ಒಂದರಲ್ಲಿ ಎರಡು ಅಳತೆ ಬಿದ್ದಿತ್ತು. ಮೊದಲನೆಯದಾದರೆ ಏನೂ ಆಗುವುದಿಲ್ಲ. ಎರಡನೆಯದಾದರೆ ಒಬ್ಬ ಮನುಷ್ಯನ ಕಣ್ಣು ಹೋಗುತ್ತದೆ. ತೂಗಿ ಕಂಡುಹಿಡಿಯೋಣವೆಂದರೆ ಅದೂ ಆಗದು. ಚಿಪ್ಪುಗಳು ಹತ್ತು ಕಡೆಯಿಂದ ಬಂದವು. ಒಂದಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸವೇ ಒಂದು ಚಮಚ ಮದ್ದಿಗಿಂತ ಹೆಚ್ಚಿತ್ತು.

ಹೋಗಿ ಹೇಳಬೇಕಾದರೆ ಏನೆಂದು ಹೇಳುವುದು? ಒಂದು ಕೆಟ್ಟಿರಬಹುದು, ಯಾವುದೆಂದು ಗೊತ್ತಿಲ್ಲ, ಕೆಟ್ಟಿದೆಯೆಂದೂ ಗೊತ್ತಿಲ್ಲ. ಈ ಮಾತನ್ನು ಒಮ್ಮೆ ಆಡಿದರೆ ಆ ಸೀಮೆಯಲ್ಲಿ ಅವನ ತೋಟಾವನ್ನು ಮತ್ತೆ ಯಾರು ನಂಬುತ್ತಾರೆ? ವರ್ತಕ ನಾಳೆ ಬರುತ್ತಾನೆ. ಪೇಟೆಗೆ ಹೋಗಿ ಏನು ಹೇಳುತ್ತಾನೆ?

ಅವನು ಬಟ್ಟಲನ್ನು ಕೆಳಗಿಟ್ಟ. ಚಮಚ, ಇಕ್ಕಳ ಎರಡನ್ನೂ ಚೀಲಕ್ಕೆ ಹಾಕಿಕೊಂಡು ಹೊರಟ. ಹೆಂಡತಿ ಅವನು ಬಿಟ್ಟ ತುತ್ತನ್ನು ತಟ್ಟೆಯ ಸಮೇತ ಮುಚ್ಚಿಟ್ಟಳು.

ಕೆರೆ ಎರಡು ಹರದಾರಿ ದೂರ. ನೀರಗಂಟಿ ಒಂದು ಗಂಟೆ ಮುಂದಿದ್ದ. ನೀರಗಂಟಿಗೆ ಅವಸರವಿತ್ತು, ಇವನಿಗೆ ವಯಸ್ಸಾಗಿತ್ತು. ಮುಕ್ಕಾಲು ದಾರಿ ಸಾಗಿದಾಗ ಮೊದಲನೆಯ ಸದ್ದು ಕೇಳಿಸಿತು. ಒಣಕಡ್ಡಿ ಮುರಿದಂತೆ, ಚಿಕ್ಕದು. ಅವನು ಕಟ್ಟಿದ ತೋಟಾದ ಸದ್ದು.

ಒಂದು, ಎಂದು ಎಣಿಸಿದ.

ಆ ಸದ್ದು ಸರಿಯಾಗಿತ್ತು. ಅವನ ಎದೆ ಸ್ವಲ್ಪ ಹಗುರವಾಯಿತು. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಮತ್ತೆ ಭಾರವಾಯಿತು. ಒಂದು ಸರಿಯಿತ್ತು ಎಂದರೆ ಕೆಟ್ಟದ್ದು ಉಳಿದ ನಲವತ್ತೊಂಬತ್ತರಲ್ಲಿದೆ.

ಎರಡು. ಮೂರು. ಸ್ವಲ್ಪ ಹೊತ್ತು ಸದ್ದಿಲ್ಲ. ಹೊಗೆ ಇನ್ನೊಂದು ಬಿಲಕ್ಕೆ ಹಾಕುತ್ತಿರಬೇಕು. ನಾಲ್ಕು. ಐದು.

ಪ್ರತಿಯೊಂದು ಸದ್ದೂ "ನಾನಲ್ಲ" ಎಂದು ಹೇಳಿದಂತೆ ಅವನಿಗೆ ಕೇಳಿಸಿತು. ಹಾಗೆ ಹೇಳಿ ಒಂದೊಂದೇ ಹೊರಟು ಹೋಗುತ್ತಿದ್ದವು. ಹಾಗೆ ಹೇಳಲಾರದ ಒಂದು ಚೀಲದಲ್ಲಿ ಕಾಯುತ್ತಿತ್ತೋ ಏನೋ. ಅವನು ಓಡಲು ನೋಡಿದ. ಮೊಣಕಾಲು ಒಪ್ಪಲಿಲ್ಲ.

ಗುಡ್ಡದ ತಿರುವಿನಲ್ಲಿ ಒಬ್ಬ ಕುರುಬ ಕುರಿ ಮೇಯಿಸುತ್ತಿದ್ದ. ಗಟ್ಟಿ ಆಳು. ಇವನು ಏದುಸಿರು ಬಿಡುತ್ತ ಬರುವುದನ್ನು ಕಂಡು ನಕ್ಕ.

"ಏನು ಮಾವ, ತೋಟಾಗಿಂತ ಮುಂಚೆ ನೀನೇ ಕೆರೆಗೆ ಹಾರ್ತಾ ಇದೀಯಲ್ಲ! ನಿನಗೂ ಯಾರಾದ್ರೂ ಮದ್ದು ತುಂಬಿದ್ರಾ?"

"ಒಂದು ಸಾಮಾನು ಮರೆತು ಕೊಟ್ಟೆ. ತರೋಕೆ ಹೊರಟೆ," ಎಂದ ತೋಟಾ ಕಟ್ಟುವವನು. ಹೇಳಿ ನಾಲ್ಕು ಹೆಜ್ಜೆ ಮುಂದೆ ಹೋದ.

ಆರು. ಏಳು. ಎಂಟು.

ಅವನು ನಿಂತ. ಕುರುಬನ ಕಾಲು ನೋಡಿದ, ತನ್ನ ಕಾಲು ನೋಡಿದ. ಅವನನ್ನು ಓಡಿಸಬೇಕಾದರೆ ನಿಜ ಹೇಳಬೇಕು. ಕುರುಬನಿಗೆ ಹೇಳಿದ ಮಾತು ಸಂಜೆಯೊಳಗೆ ಏಳು ಊರಿಗೆ ಮುಟ್ಟುತ್ತದೆ.

ಒಂಬತ್ತು.

"ಸುಳ್ಳು ಹೇಳಿದೆ," ಎಂದ. "ನಾನು ಕಟ್ಟಿದ ತೋಟಾದಲ್ಲಿ ತಪ್ಪಾಗಿದೆ. ಒಂದರಲ್ಲಿ ಎರಡು ಅಳತೆ ಬಿದ್ದಿರಬಹುದು. ಹಾರಿಸಿದರೆ ಅವನ ಮುಖ ಉಳಿಯಲ್ಲ. ನೀನು ಓಡು. ನಿಲ್ಲಿಸು ಅಂತ ಹೇಳು."

ಕುರುಬನ ನಗು ನಿಂತಿತು. ಕೋಲನ್ನೂ ಕಂಬಳಿಯನ್ನೂ ಇವನ ಕೈಗೆ ತುರುಕಿ, 'ಕುರಿ ನೋಡ್ಕೋ' ಎಂದೂ ಹೇಳದೆ, ಗುಡ್ಡದ ಅಡ್ಡದಾರಿ ಹಿಡಿದು ಓಡಿದ.

ತೋಟಾ ಕಟ್ಟುವವನು ಹಿಂದೆ ಹಿಂದೆ ನಡೆದ. ಕುರುಬ ಕಣ್ಮರೆಯಾದ. ಹತ್ತು. ಹನ್ನೊಂದು. ಏರಿ ದೂರದಲ್ಲಿ ಕಾಣಿಸಿತು. ಅದರ ಮೇಲೆ ಎರಡು ಎಳೆ ಹೊಗೆ ಏಳುತ್ತಿತ್ತು. ಮನುಷ್ಯರು ಕಾಣುತ್ತಿರಲಿಲ್ಲ.

ಹನ್ನೆರಡು.

ಇದು ಹಿಂದಿನವುಗಳಿಗಿಂತ ದೊಡ್ಡದಾಗಿ ಕೇಳಿಸಿತು. ತಾನು ಹತ್ತಿರ ಬಂದದ್ದಕ್ಕೋ, ಗಾಳಿ ತಿರುಗಿದ್ದಕ್ಕೋ, ಬೇರೆ ಕಾರಣಕ್ಕೋ ಅವನಿಗೆ ತಿಳಿಯಲಿಲ್ಲ. ಅವನು ಹದಿಮೂರನೆಯದಕ್ಕಾಗಿ ಕಿವಿಗೊಟ್ಟು ನಡೆದ. ಹದಿಮೂರನೆಯದು ಬರಲಿಲ್ಲ. ನೂರು ಹೆಜ್ಜೆ ನಡೆದ, ಬರಲಿಲ್ಲ. ಇಷ್ಟು ಹೊತ್ತು ಯಾವ ಸದ್ದಿಗೆ ಹೆದರಿದ್ದನೋ ಆ ಸದ್ದು ಬರಲೆಂದು ಈಗ ಬೇಡಿಕೊಂಡ. ಇನ್ನೂ ಇನ್ನೂರು ಹೆಜ್ಜೆ ನಡೆದ. ಬರಲಿಲ್ಲ.

ಏರಿಯನ್ನು ಕೈಯೂರಿ ಹತ್ತಿದ.

ಏರಿಯ ಮೇಲೆ ನೀರಗಂಟಿ ಕುಕ್ಕುರುಗಾಲಿನಲ್ಲಿ ಕುಳಿತು ಬೀಡಿ ಸೇದುತ್ತಿದ್ದ. ಎರಡು ಕಣ್ಣೂ ಇದ್ದವು. ಎರಡು ಕೆನ್ನೆಯೂ ಇದ್ದವು. ಬಂದೂಕು ದೂರದಲ್ಲಿ ಕಲ್ಲಿಗೆ ಒರಗಿತ್ತು. ಕುರುಬ ಅಂಗಾತ ಮಲಗಿ ಏದುಸಿರು ಬಿಡುತ್ತಿದ್ದ. ನೀರಗಂಟಿಯ ಹೆಂಡತಿ ಹೊಗೆಯ ಮಡಕೆಯ ಪಕ್ಕ, ಕೈಯಲ್ಲಿ ಬೀಸಣಿಗೆ ಹಿಡಿದು ನಿಂತಿದ್ದಳು.

ತೋಟಾ ಕಟ್ಟುವವನು ಅಲ್ಲೇ ಕುಸಿದು ಕುಳಿತ.

"ಹದಿಮೂರನೆಯದು ಹಾಕಿದ್ದೆ," ಎಂದ ನೀರಗಂಟಿ. "ಹೆಗ್ಗಣ ಮೂತಿ ಹೊರಗೆ ಹಾಕಿತ್ತು. ಇವನು ಅಷ್ಟು ದೂರದಿಂದ ಕಿರುಚಿದ. ಹೆಗ್ಗಣ ಒಳಗೋಡ್ತು. ಇವನ ಕುಲವನ್ನೆಲ್ಲ ಬೈದೆ. ಆಮೇಲೆ ಹೇಳಿದ. ಯಾವುದು ಕೆಟ್ಟದ್ದು?"

"ಗೊತ್ತಿಲ್ಲ."

"ನಿನ್ನ ಕೈಗೇ ಕಣ್ಣಿದೆ ಅಂತಾರಲ್ಲ ಊರವರು. ಆ ಕಣ್ಣಿಗೂ ಗೊತ್ತಿಲ್ವಾ?"

"ಇಲ್ಲ."

"ಕೆಟ್ಟದ್ದು ಒಂದೇ ತಾನೆ?"

"ಒಂದೇ. ಅದೂ ಇದೆಯೋ ಇಲ್ಲವೋ."

ನೀರಗಂಟಿಗೆ ಈಗ ಸಿಟ್ಟು ಬಂತು. "ಇದೆಯೋ ಇಲ್ಲವೋ ಗೊತ್ತಿಲ್ಲದ್ದಕ್ಕೆ ನನ್ನ ಕೆಲಸ ನಿಲ್ಲಿಸಿದೆಯಾ? ಇನ್ನೂ ಒಂಬತ್ತು ಬಿಲ ಇದೆ. ನೀರು ನಾಳಿದ್ದು ಬರುತ್ತೆ. ಹನ್ನೆರಡು ಹೊಡೆದೆ, ಹನ್ನೆರಡೂ ಹೂವಿನ ಹಾಗೆ ಹೋದವು. ಉಳಿದವೂ ಹಾಗೇ ಹೋಗ್ತವೆ. ನಾನು ಹೊಡೀತೀನಿ. ನನ್ನ ಮುಖ ತಾನೆ?"

ಅವನು ಎದ್ದು ಬಂದೂಕಿನತ್ತ ಹೋದ. ಹೆಂಡತಿ ಬೀಸಣಿಗೆ ಕೆಳಗೆ ಹಾಕಿದಳು.

"ನಿಮ್ಮ ಮುಖ ಮಾತ್ರವಾ? ನಾನು ನಿಮ್ಮ ಎಡಗಡೆ ನಿಂತು ಹೊಗೆ ಹಾಕ್ತಾ ಇದೀನಿ."

ನೀರಗಂಟಿ ನಿಂತ. ಹೆಂಡತಿ ಅವನ ಸೊಂಟದಿಂದ ತೋಟಾದ ಚೀಲ ಬಿಚ್ಚಿ ತಂದು ತೋಟಾ ಕಟ್ಟುವವನ ಮುಂದೆ ಸುರಿದಳು. ನೀರಗಂಟಿ ಬಂದೂಕಿನೊಳಗಿದ್ದದ್ದನ್ನು ಮೆಲ್ಲನೆ ಹೊರತೆಗೆದು ಅದರ ಮೇಲೆ ಇಟ್ಟ. ಒಟ್ಟು ಮೂವತ್ತೆಂಟು.

"ಬಿಚ್ಚು," ಎಂದಳು ಅವಳು.

"ಬಿಚ್ಚಿ ನೋಡಿ ಇವತ್ತೇ ಮತ್ತೆ ತುಂಬಿಕೊಡುತ್ತೇನೆ. ಈ ಸಲ ಯಾರು ಏನಂದರೂ ಮಾತಾಡಲ್ಲ," ಎಂದ ತೋಟಾ ಕಟ್ಟುವವನು.

ಕುರುಬ ಗಾಳಿಗೆ ಅಡ್ಡವಾಗಿ ಕಂಬಳಿ ಹಿಡಿದ. ತೋಟಾ ಕಟ್ಟುವವನು ಮೊದಲನೆಯದನ್ನು ಕೈಗೆತ್ತಿಕೊಂಡು ಇಕ್ಕಳದಿಂದ ಗುಂಡು ಕಿತ್ತ. ಮದ್ದನ್ನು ಚಮಚಕ್ಕೆ ಸುರಿದ. ಮಟ್ಟಸವಾಗಿ ಒಂದು ಚಮಚ. ನಾಲ್ವರೂ ಬಗ್ಗಿ ನೋಡಿದರು. ಸರಿಯಿತ್ತು. ಎರಡನೆಯದು ಕಿತ್ತ. ಅದೂ ಸರಿ. ಮೂರನೆಯದು ಸರಿ. ಹತ್ತಾಯಿತು. ಹದಿನೈದಾಯಿತು. ನೀರಗಂಟಿ ಒಮ್ಮೆ ಮೋಡ ನೋಡುತ್ತಿದ್ದ, ಒಮ್ಮೆ ಚಮಚ ನೋಡುತ್ತಿದ್ದ. ಹದಿನೆಂಟು ಬಿಚ್ಚಿದರು. ಹದಿನೆಂಟೂ ಸರಿಯಿದ್ದವು. ಹತ್ತೊಂಬತ್ತನೆಯದನ್ನು ಇಕ್ಕಳಕ್ಕೆ ಸಿಕ್ಕಿಸಿದಾಗ...

"ಅದೂ ಸರಿಯೇ ಇದ್ದಿರಬೇಕು," ಎಂದ ಮರುಳಯ್ಯ.

ಗುರುಗಳು ಅವನತ್ತ ನೋಡಿದರು. ಮರುಳಯ್ಯ ಕಂಬ ಬಿಟ್ಟು ಮುಂದಕ್ಕೆ ಬಂದಿದ್ದ. ಬೆರಳಿಗೆ ಬೆರಳು ಉಜ್ಜುತ್ತಿದ್ದ. ಹಳದಿ ಪುಡಿ ಜಗಲಿಯ ಮೇಲೆ ಉದುರುತ್ತಿತ್ತು.

"ಎಲ್ಲವೂ ಸರಿಯೇ ಇದ್ದಿರಬೇಕು, ಗುರುಗಳೇ. ಹನ್ನೆರಡು ಹಾರಿಸಿ ಆಯಿತು, ಹದಿನೆಂಟು ಬಿಚ್ಚಿ ಆಯಿತು, ಇನ್ನೇನು ಉಳಿಯಿತು? ಚಮಚ ತುಸು ಏರಿದ್ದು, ಅಷ್ಟೇ. ಹನ್ನೊಂದು ವರ್ಷದ ಕೈ ಎಲ್ಲಾದರೂ ತಪ್ಪುತ್ತದೆಯೇ? ಇಷ್ಟಕ್ಕಾಗಿ ಮಧ್ಯಾಹ್ನದ ಬಿಸಿಲಲ್ಲಿ ಹೊಳೆ ದಾಟಿ ಹೋಗಿ, ಆ ತಾಯಿಯ ಮುಂದೆ ನಿಂತು, ದೀಪ ಹಚ್ಚುವ ಹೊತ್ತಿಗೆ ಮಗುವಿಗೆ ಕುಡಿಸಬೇಡಮ್ಮ ಎಂದರೆ, ನಾಳೆಯಿಂದ ಮಠದ ಪೊಟ್ಟಣವನ್ನು ಯಾರು ಕೈಯಲ್ಲಿ ಮುಟ್ಟುತ್ತಾರೆ? ನೀವೇ ಹೇಳಿ. ಮುಂದೆ ಏನಾಯಿತು? ಉಳಿದವುಗಳಲ್ಲಿ ಸಿಕ್ಕಿತೇ?"

ಗುರುಗಳು ಕತೆ ಮುಂದುವರಿಸಲಿಲ್ಲ. ಅಂಗಳದ ಬಿಸಿಲು ತುಳಸಿಕಟ್ಟೆಯ ನೆರಳನ್ನು ಎಲ್ಲಿಯವರೆಗೆ ತಂದಿದೆಯೆಂದು ಒಮ್ಮೆ ನೋಡಿದರು. ಮೂಲೆಯಲ್ಲಿದ್ದ ತಮ್ಮ ಕೋಲನ್ನು ತೆಗೆದು ಮರುಳಯ್ಯನ ಮುಂದೆ ಹಿಡಿದರು.

"ನನ್ನ ಕತೆಯಲ್ಲಿ ಹೊಳೆಯೂ ಇಲ್ಲ, ಕುಡಿಯುವ ಮಗುವೂ ಇಲ್ಲ, ಮರುಳಯ್ಯ. ಪೊಟ್ಟಣ ಯಾರ ಮನೆಗೆ ಹೋಗಿದೆ?"